ಮಿಡಿ ಉಪ್ಪಿನಕಾಯಿ

ಫಾಲ್ಗುಣ ಕಳೆಯುವ ಹೊತ್ತಿಗೆ ಮಲೆನಾಡಿನ ಮನೆಗಳಲ್ಲಿ ಅಪ್ಪೆಮಿಡಿಯ ಸಂಭ್ರಮ ಮೊದಲಾಗುತ್ತದೆ. ಹೊಳೆದಂಡೆಯ ಕಾಡುಮಾವಿನ ಮರಗಳಿಂದ, ಗೊರಟು ಬಲಿಯುವ ಮುನ್ನವೇ, ತೊಟ್ಟು ಸಹಿತವಾಗಿ ಮಿಡಿಗಳನ್ನು ಕೊಯ್ಯಬೇಕು. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಒಂದು ಸೇರಿದರೂ ಭರಣಿಯೇ ಕೆಟ್ಟೀತು. ತೊಟ್ಟಿನ ಬುಡದಲ್ಲಿ ಒಸರುವ ಸೊನೆಯಲ್ಲಿಯೇ ಅದರ ಪರಿಮಳವೆಲ್ಲ ಅಡಗಿದೆ.

ತೊಳೆದು ಒರೆಸಿ ಆರಿಸಿದ ಮಿಡಿಯನ್ನೂ ಹರಳುಪ್ಪನ್ನೂ ಪದರಪದರವಾಗಿ ಭರಣಿಯಲ್ಲಿ ತುಂಬಿ, ಮೇಲೆ ಭಾರವಿಡುತ್ತಾರೆ. ಉಪ್ಪು ಕಾಯಿಯೊಳಗಿನ ನೀರನ್ನು ಹೊರಗೆಳೆಯುತ್ತದೆ. ಕೆಲವು ದಿನಗಳಲ್ಲಿ ಮಿಡಿಗಳು ಚಿರುಟಿ ತಮ್ಮದೇ ನೀರಿನಲ್ಲಿ ಮುಳುಗುತ್ತವೆ. ಅಷ್ಟು ಉಪ್ಪಿನಲ್ಲಿ ಕೊಳೆಯಿಸುವ ಸೂಕ್ಷ್ಮಜೀವಿಗಳು ಬೆಳೆಯಲಾರವು. ಬಳಿಕ ಆ ನೀರನ್ನು ಕುದಿಸಿ ತಣಿಸಿ, ಅದರಲ್ಲಿಯೇ ಸಾಸಿವೆ, ಒಣಮೆಣಸಿನಕಾಯಿಗಳನ್ನು ಅರೆದು ಬೆರೆಸುವರು.

ಬಾಲ್ಯದಲ್ಲಿ ನಾನೊಮ್ಮೆ ಒದ್ದೆ ಸೌಟನ್ನು ಭರಣಿಗೆ ಅದ್ದಿದೆ. ತಿಂಗಳೊಳಗೆ ಮೇಲೆಲ್ಲ ಬೂಸ್ಟು ಹಬ್ಬಿತು. ಅಜ್ಜಿ ಬೈಯಲಿಲ್ಲ. “ಇನ್ನು ಮಳೆಗಾಲದ ಗಂಜಿಗೆ ಏನು ನಂಚಿಕೊಳ್ಳುತ್ತೀಯೋ, ಮಗು?” ಎಂದಳು. ಆ ವರ್ಷ ಮನೆಮಂದಿಯೆಲ್ಲ ಬರಿಯ ಉಪ್ಪಿನ ಹರಳಿನೊಡನೆ ಗಂಜಿ ಉಂಡೆವು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಕಣಿವೆ ಮುಳುಗಿದಾಗ ಅಂಥ ಮರಗಳೆಷ್ಟೋ ನೀರುಪಾಲಾದವು. ಉಳಿದವುಗಳ ಕೊಂಬೆಯನ್ನೇ ಕಡಿದು ಮಿಡಿ ಕೊಯ್ಯುವವರನ್ನು ಕಂಡಾಗ ಅಜ್ಜಿಯ ಪ್ರಶ್ನೆ ನನ್ನ ಕಿವಿಯಲ್ಲಿ ಮೊಳಗುತ್ತದೆ. ಕೆಲವು ಬೆಳೆಗಾರರು ಈಗ ಅವುಗಳಿಂದ ಕಸಿ ಕಟ್ಟಿ ತಮ್ಮ ತೋಟಗಳಲ್ಲಿ ನೆಟ್ಟಿದ್ದಾರೆ.