"ಅಣ್ಣಾ, ನಿಮ್ಮ ಕಾಲೇಜು ಹೇಗೆ?"

ಸಿಇಟಿ ಆಪ್ಷನ್ ಎಂಟ್ರಿ ಶುರುವಾದರೆ ಸಾಕು, ನಮಗೆಲ್ಲ ಊರಿಂದ ಈ ಪ್ರಶ್ನೆ ಬರುತ್ತೆ. ಕಳೆದ ವರ್ಷ ಚಿಕ್ಕಪ್ಪನ ಮಗಳು ಕೇಳಿದಾಗ ನಾನು, "ಸೂಪರ್, ಪ್ಲೇಸ್‌ಮೆಂಟ್ ಚೆನ್ನಾಗಿದೆ" ಅಂದುಬಿಟ್ಟೆ. ಅವಳು ಸೇರಿಯೂಬಿಟ್ಟಳು. ಈಗ, "ಲ್ಯಾಬಲ್ಲಿ ಐದು ಜನಕ್ಕೆ ಒಂದು ಕಿಟ್ ಅಣ್ಣಾ" ಅಂತಾಳೆ. ಹಾಗಾದರೆ ಏನು ನೋಡಿ ಹೇಳಬೇಕಿತ್ತು?

ಮೊದಲು ಮಾನ್ಯತೆ. ಎಐಸಿಟಿಇ ಅನುಮೋದನೆ ಅಂದರೆ ಕೋರ್ಸ್ ನಡೆಸಲು ಅನುಮತಿ, ಅಷ್ಟೇ. ನ್ಯಾಕ್ ಗ್ರೇಡ್ ಇಡೀ ಕಾಲೇಜಿನದು. ಎನ್‌ಬಿಎ ಮಾತ್ರ ಒಂದೊಂದು ಬ್ರಾಂಚನ್ನೂ ಬೇರೆಯಾಗಿ ಪರಿಶೀಲಿಸಿ, ನಿಗದಿತ ಅವಧಿಗೆ ಮಾನ್ಯತೆ ಕೊಡುತ್ತೆ. ಮೆಕ್ಯಾನಿಕಲ್‌ಗೆ ಇದ್ದದ್ದು ಹೊಸ ಎಐ ಬ್ರಾಂಚಿಗೆ ಇಲ್ಲದಿರಬಹುದು. ಇನ್ನೊಂದು ಸೂಕ್ಷ್ಮ: 2014ರಲ್ಲಿ ಭಾರತ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯನಾಯಿತು. ಆದರೆ ಆ ಒಪ್ಪಂದದ ಮನ್ನಣೆ ಎನ್‌ಬಿಎ ಟಿಯರ್-1 ಕೋರ್ಸುಗಳಿಗೆ ಮಾತ್ರ. ವಿಟಿಯು ಅಡಿಯ ಸ್ವಾಯತ್ತವಲ್ಲದ ಕಾಲೇಜುಗಳು ಟಿಯರ್-2ಕ್ಕೆ ಬರುತ್ತವೆ. ಹೊರದೇಶದಲ್ಲಿ ಎಂಜಿನಿಯರ್ ಆಗಿ ನೋಂದಾಯಿಸಿಕೊಳ್ಳುವ ಆಸೆ ಇದ್ದವರು ಇದನ್ನು ಕೇಳಲೇಬೇಕು.

ಎರಡನೆಯದು ಪ್ಯಾಕೇಜ್. ಹತ್ತು ಜನರಲ್ಲಿ ಒಂಬತ್ತು ಮಂದಿಗೆ 4 ಲಕ್ಷ, ಒಬ್ಬನಿಗೆ 44 ಲಕ್ಷ ಸಿಕ್ಕಿತು ಅಂದುಕೊಳ್ಳಿ. ಸರಾಸರಿ 8 ಲಕ್ಷ! ಬ್ಯಾನರಿನಲ್ಲಿ ಅದೇ ಬರುತ್ತೆ. ಆದರೆ ಆ 8 ಲಕ್ಷ ಯಾರಿಗೂ ಸಿಕ್ಕಿಲ್ಲ. ಹೈಸ್ಕೂಲಿನಲ್ಲಿ ಓದಿದ ಮಧ್ಯಾಂಕ ಹಾಕಿ ನೋಡಿ, 4 ಲಕ್ಷ. ಎನ್‌ಐಆರ್‌ಎಫ್ ಕೂಡ ಸಂಬಳದ ಮಧ್ಯಾಂಕವನ್ನೇ ಕೇಳುತ್ತೆ. ಕಾಲೇಜು ಕೊಟ್ಟ ಆ ಅಂಕಿ ಕಾಲೇಜಿನ ವೆಬ್‌ಸೈಟಿನಲ್ಲೇ ಸಿಗಬೇಕು. ಜೊತೆಗೆ, "300 ಆಫರ್" ಅಂದರೆ 300 ವಿದ್ಯಾರ್ಥಿಗಳಲ್ಲ. ಒಬ್ಬನ ಕೈಯಲ್ಲೇ ಮೂರು ಆಫರ್ ಇರಬಹುದು.

ಮೂರನೆಯದು ಯಾವ ಪಟ್ಟಿಯಲ್ಲೂ ಇಲ್ಲ, ನಮಗಷ್ಟೇ ಗೊತ್ತು. ಎಐಸಿಟಿಇ ಪ್ರಕಾರ 20 ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕರಿರಬೇಕು. ಕಾಗದದಲ್ಲಿ ಇರ್ತಾರೆ, ಕ್ಲಾಸಿನಲ್ಲಿ? ಸೆಮಿಸ್ಟರ್ ಮಧ್ಯೆ ಎಷ್ಟು ಮಂದಿ ಬಿಟ್ಟು ಹೋದರು? ಲ್ಯಾಬಿನಲ್ಲಿ ರೀಡಿಂಗ್ ನೀವೇ ತೆಗೀತೀರಾ, ಸೀನಿಯರ್ ರೆಕಾರ್ಡ್ ನೋಡಿ ಬರೀತೀರಾ? ಕೊನೇ ವರ್ಷದ ಪ್ರಾಜೆಕ್ಟ್ ಮಾಡಿದ್ದಾ, ದುಡ್ಡು ಕೊಟ್ಟು ತಂದದ್ದಾ?

ಇದನ್ನೆಲ್ಲ ಹೇಳಿದರೆ ಕಾಲೇಜಿನ ಮಾನ ಹೋಗುತ್ತೆ ಅನ್ನೋರಿದ್ದಾರೆ. ಆದರೆ ಫೋನಿನ ಆ ಕಡೆ ಇರೋರದ್ದು ನಾಲ್ಕು ವರ್ಷ, ಅವರಪ್ಪನ ಉಳಿತಾಯ. ಈ ಸಲ ಫೋನ್ ಬಂದರೆ "ಸೂಪರ್" ಅನ್ನಬೇಡಿ. "ಯಾವ ಬ್ರಾಂಚು?" ಅಂತ ಕೇಳಿ, ಅಲ್ಲಿಂದ ಮಾತು ಶುರುಮಾಡಿ.