ಸಾರಣೆಗೆ ಮೊದಲೇ ಟಿವಿ ಲೆಕ್ಕ: ಹೊಸ ಮನೆಗೆ ಎಂಟು ಸೂತ್ರಗಳು

ಭಟ್ಕಳದ ಮುಟ್ಟಳ್ಳಿಯಲ್ಲಿ ಚಿರೆಕಲ್ಲಿನ ಗೋಡೆ ಏಳುವಾಗ ಮನೆಯ ಯಜಮಾನ ಎಷ್ಟೋ ಸಲ ದುಬೈನಲ್ಲೋ ದಮ್ಮಾಮಿನಲ್ಲೋ ಇರುತ್ತಾನೆ. ಯಾವ ಟೈಲ್ಸ್, ಯಾವ ಮರದ ಬಾಗಿಲು ಎಂಬುದೆಲ್ಲ ವಾಟ್ಸ್‌ಆ್ಯಪ್‌ನಲ್ಲೇ ತೀರ್ಮಾನವಾಗುತ್ತದೆ. ಟಿವಿಯ ಮಾತು ಏಳುವುದು ಮಾತ್ರ ಮನೆ ಒಕ್ಕಲು ಮುಗಿದ ಮೇಲೆ. ಆಗ ಹೊಸ ಬಣ್ಣದ ಗೋಡೆ ಮೇಲೆ ಕರಿ ಕೇಬಲ್ ಹರಿದಾಡುತ್ತದೆ, ಕಿಟಕಿಯ ಚೌಕಟ್ಟಿಗೆ ತೂತು ಬೀಳುತ್ತದೆ. ಹಾಗಾಗದಿರಲು ಇಷ್ಟು ಮಾಡಿ.

1. ಸಾರಣೆಗೆ ಮೊದಲೇ ಗುರುತು ಹಾಕಿ. ಹಾಲ್, ಅಜ್ಜಿಯ ಕೋಣೆ, ಮಾಳಿಗೆಯ ಕೋಣೆ: ಟಿವಿ ಬರಬಹುದಾದ ಗೋಡೆಗೆಲ್ಲ ಸೀಮೆಸುಣ್ಣದ ಗುರುತು ಬೀಳಲಿ. ಎಲ್ಲ ಕೋಣೆಗೂ ಟಿವಿ ಬೇಡವೇ ಬೇಡ ಎನ್ನುವವನು ನಾನು. ಆದರೆ ಪೈಪು ಎಲ್ಲ ಕೋಣೆಗೂ ಹೋಗಲಿ. ಇಂದು ಪೈಪಿಗೆ ಆಗುವ ಖರ್ಚು, ನಾಳೆ ಗೋಡೆ ಕೊರೆದು ಮತ್ತೆ ಬಣ್ಣ ಬಳಿಯುವ ಖರ್ಚಿನ ಮುಂದೆ ಏನೂ ಅಲ್ಲ.

2. ಪೈಪು ಒಂದಿಂಚಿನದಿರಲಿ. ಮುಕ್ಕಾಲು ಇಂಚಿನ ಪೈಪಿನಲ್ಲಿ ಎರಡನೆಯ ಕೇಬಲ್ ಎಳೆಯುವುದು ಕಷ್ಟ. ತಿರುವಿನಲ್ಲಿ ಎಲ್ಬೋ ಬೇಡ, ಉದ್ದನೆಯ ಬೆಂಡ್ ಹಾಕಿಸಿ. ಒಳಗೆ ನೈಲಾನ್ ದಾರ ಬಿಟ್ಟಿರಿ. ಕರೆಂಟಿನ ವೈರು ಇದೇ ಪೈಪಿನಲ್ಲಿ ಬರಕೂಡದು. ಅದೇ ಹೊತ್ತಿಗೆ ಇಂಟರ್‌ನೆಟ್‌ಗೆ ಲ್ಯಾನ್ ಕೇಬಲನ್ನೂ ಎಳೆಸಿಬಿಡಿ.

3. ಪ್ರತಿ ಕೋಣೆಯ ಕೇಬಲ್ ನೇರವಾಗಿ ಒಂದೇ ಜಾಗಕ್ಕೆ ಬರಲಿ. ಮೆಟ್ಟಿಲ ಕೆಳಗೋ ತಾರಸಿಗೆ ಹೋಗುವ ಬಾಗಿಲ ಪಕ್ಕದಲ್ಲೋ ಒಂದು ಪೆಟ್ಟಿಗೆ ಇಡಿ. ಕೇಬಲ್‌ನ ಎರಡೂ ತುದಿಗೆ ಕೋಣೆಯ ಹೆಸರು ಬರೆದಿರಲಿ. ಒಂದು ಕೋಣೆಯಿಂದ ಇನ್ನೊಂದಕ್ಕೆ ಕೊಂಡಿ ಹಾಕುತ್ತ ಹೋಗಬೇಡಿ.

4. ಅಗ್ಗದ ಸ್ಪ್ಲಿಟರ್ ನಂಬಬೇಡಿ. ಹೆಚ್ಚಿನವರು ಎಡವುವುದು ಇಲ್ಲಿ. ಟ್ಯಾಂಕಿನ ನೀರಿನ ಪೈಪನ್ನು ಕವಲೊಡೆಸಿದಂತೆ ಡಿಶ್‌ನ ಕೇಬಲನ್ನು ಕವಲೊಡೆಸಲಾಗದು. ಕೇಬಲ್‌ನಲ್ಲಿ ಚಿತ್ರ ಕೆಳಗಿಳಿಯುತ್ತದೆ, ಜೊತೆಗೆ ಸೆಟ್‌ಟಾಪ್ ಬಾಕ್ಸಿನ ಆಜ್ಞೆ ಮೇಲೇರುತ್ತದೆ. ಬಾಕ್ಸ್ 13 ವೋಲ್ಟ್ ಕಳಿಸಿದರೆ ಡಿಶ್‌ನ ಮೂತಿಯಲ್ಲಿರುವ ಎಲ್‌ಎನ್‌ಬಿ ಲಂಬ ತರಂಗಗಳನ್ನು ಹಿಡಿಯುತ್ತದೆ, 18 ವೋಲ್ಟ್ ಕಳಿಸಿದರೆ ಅಡ್ಡ ತರಂಗಗಳನ್ನು. ಹಾಲ್‌ನ ಬಾಕ್ಸ್ 18 ಕೇಳುತ್ತಿರುವಾಗ ಅಜ್ಜಿಯದು 13 ಕೇಳಿದರೆ ಹೆಚ್ಚು ವೋಲ್ಟ್‌ನದೇ ಗೆಲುವು, ಅಜ್ಜಿಯ ಧಾರಾವಾಹಿ ಮಾಯ. "ನಮ್ಮಲ್ಲಿ ಸ್ಪ್ಲಿಟರ್‌ನಲ್ಲೇ ಬರ್ತದೆ" ಎನ್ನುವವರಿದ್ದಾರೆ. ಎಲ್ಲ ಚಾನೆಲ್‌ಗಳೂ ಒಂದೇ ಬಗೆಯ ತರಂಗದಲ್ಲಿದ್ದರೆ ಬಂದೀತು, ಅಷ್ಟೆ. ಎರಡು ಕೋಣೆಗೆ ಎರಡು ಬಾಯಿಯ ಎಲ್‌ಎನ್‌ಬಿ, ನಾಲ್ಕಕ್ಕೆ ನಾಲ್ಕು ಬಾಯಿಯದು ಹಾಕಿಸಿ. ಅದಕ್ಕೂ ಮೀರಿದರೆ ಮಲ್ಟಿಸ್ವಿಚ್ ಬೇಕು. ಡಿಶ್ ಒಂದೇ ಸಾಕು.

   ಒಂದೇ ಬಾಕ್ಸಿನಿಂದ ಎಚ್‌ಡಿಎಂಐ ಹಂಚಿಕೆ ಮಾಡುವ ದಾರಿಯೂ ಉಂಟು. ಆದರೆ ಹಾಲಿನಲ್ಲಿ ಕ್ರಿಕೆಟ್ ಇದ್ದರೆ ಮಲಗುವ ಕೋಣೆಯಲ್ಲೂ ಕ್ರಿಕೆಟ್ಟೇ. ಅಂಗಡಿ, ಹೋಟೆಲಿಗೆ ಸರಿ, ಮನೆಗೆ ಜಗಳ.

5. ಆಗ್ನೇಯ ಮೂಲೆ ಖಾಲಿ ಇಡಿ. ವಾಸ್ತು ನೋಡುವವರು ಅಡುಗೆಮನೆಗೆ ಮೀಸಲಿಡುವ ದಿಕ್ಕೇ ಡಿಶ್‌ಗೂ ಬೇಕು. ಡಿಡಿ ಫ್ರೀ ಡಿಶ್ ಬರುವ ಜಿಸ್ಯಾಟ್-15 ಇರುವುದು 93.5 ಡಿಗ್ರಿ ಪೂರ್ವದಲ್ಲಿ. ಭಟ್ಕಳದಿಂದ ನೋಡಿದರೆ ಅದು ಆಗ್ನೇಯದಲ್ಲಿ, ದಿಗಂತದಿಂದ ಸುಮಾರು 62 ಡಿಗ್ರಿ ಮೇಲೆ. 108.2 ಡಿಗ್ರಿಯಲ್ಲಿರುವ ಏರ್‌ಟೆಲ್‌ನ ಉಪಗ್ರಹ ಇನ್ನಷ್ಟು ಪೂರ್ವಕ್ಕೆ ಸರಿದು, ಸುಮಾರು 48 ಡಿಗ್ರಿಗೆ ಇಳಿಯುತ್ತದೆ. ಹಾಗಾಗಿ ಮೂಡಣ ಘಟ್ಟದ ಸಾಲು ಅಡ್ಡಬರುವುದಿಲ್ಲ. ಅಡ್ಡಬರುವುದು ಹಿತ್ತಲಿನ ತೆಂಗು. ಇಂದು ಮೊಳದೆತ್ತರದ ಸಸಿ ಹತ್ತು ವರ್ಷಕ್ಕೆ ಎಲ್ಲಿಗೆ ಬಂದೀತು ಎಂದು ಯೋಚಿಸಿ ಕಂಬ ನೆಡಿ. ತಾರಸಿಗೆ ಶೀಟು ಹಾಕಿಸುವವರು ಡಿಶ್ ಶೀಟಿನಡಿ ಸಿಕ್ಕಿಕೊಳ್ಳದಂತೆ ನೋಡಿ.

6. ಮಳೆಗೆ ದೊಡ್ಡ ಡಿಶ್. ಡಿಟಿಎಚ್ ಬರುವ ಕೆಯು ಬ್ಯಾಂಡಿನ ತರಂಗವನ್ನು ಜೋರು ಮಳೆ ನುಂಗುತ್ತದೆ. 60 ಸೆಂ.ಮೀ. ಬದಲು 90 ಸೆಂ.ಮೀ. ಡಿಶ್ ಹಾಕಿದರೆ ಹಿಡಿಯುವ ವಿಸ್ತಾರ ಎರಡೂಕಾಲು ಪಟ್ಟಾಗುತ್ತದೆ, ಆಟಿಯ ಮಳೆಯಲ್ಲಿ ಇನ್ನಷ್ಟು ಹೊತ್ತು ತಡೆಯುತ್ತದೆ. ಆದರೂ ಯಾವ ಡಿಶ್ಶೂ ಎಲ್ಲ ಮಳೆಗೆ ನಿಲ್ಲದು. 2022ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ನಾಲ್ವರು ಸತ್ತ ಊರು ಮುಟ್ಟಳ್ಳಿ. ಸುದ್ದಿ ಬೇಕೇ ಬೇಕಾದ ಹೊತ್ತಿಗೇ ಚಿತ್ರ ಹೋಗುತ್ತದೆ, ಬ್ಯಾಟರಿಯ ರೇಡಿಯೋ ಒಂದು ಮನೆಯಲ್ಲಿರಲಿ. ಇನ್ನು ಮಾರ್ಚ್ ನಡುವೆ, ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಬೆಳಿಗ್ಗೆ 11ರ ಸುಮಾರಿಗೆ ಫ್ರೀ ಡಿಶ್ ಕೆಲ ನಿಮಿಷ ನಿಂತರೆ ಮೆಕ್ಯಾನಿಕ್ಕನ್ನು ಕರೆಯಬೇಡಿ. ಸೂರ್ಯ ಉಪಗ್ರಹದ ಹಿಂದೆ ಹಾಯುವ ಹೊತ್ತು ಅದು.

7. ಉಪ್ಪುಗಾಳಿ, ಸಿಡಿಲು. ಆರ್‌ಜಿ-6 ಕೇಬಲ್ ತಾಮ್ರದ ನಡುತಂತಿಯದೇ ಇರಲಿ. ತಾಮ್ರ ಲೇಪಿಸಿದ ಉಕ್ಕಿನದು ಅಗ್ಗ, ಆದರೆ ಎಲ್‌ಎನ್‌ಬಿಗೆ ಹೋಗುವ ವೋಲ್ಟ್ ಅದರಲ್ಲಿ ಹೆಚ್ಚು ಸೋರುತ್ತದೆ, ಕತ್ತರಿಸಿದ ತುದಿ ಕಡಲಗಾಳಿಗೆ ತುಕ್ಕು ಹಿಡಿಯುತ್ತದೆ. 30 ಮೀಟರ್ ದಾಟಿಸಬೇಡಿ. ಅಷ್ಟು ದೂರದಲ್ಲಿ ಹೆಚ್ಚಿನ ಆವರ್ತನದ ಸಂಕೇತದಲ್ಲಿ ಹತ್ತರಲ್ಲೊಂದು ಪಾಲು ಉಳಿದರೆ ಹೆಚ್ಚು. ಒಳಹೋಗುವ ಮುನ್ನ ಕೇಬಲ್ ಕೆಳಗೆ ಜೋತು ಬೀಳುವಂತೆ ಬಿಡಿ, ನೀರು ಅಲ್ಲೇ ತೊಟ್ಟಿಕ್ಕಲಿ. ಕಂಬಕ್ಕೆ ಅರ್ಥಿಂಗ್ ಕೊಡಿ. ಆದರೂ ಗುಡುಗು ಶುರುವಾಗುವ ಮುನ್ನವೇ ಪ್ಲಗ್ ಕಿತ್ತು, ಕೇಬಲನ್ನೂ ಬಿಚ್ಚಿಡಿ.

8. ತಿಂಗಳ ಲೆಕ್ಕ ಮೊದಲೇ ಕೇಳಿ. 2004ರ ಡಿಸೆಂಬರ್‌ನಲ್ಲಿ ಶುರುವಾದ ದೂರದರ್ಶನದ ಉಚಿತ ಸೇವೆಗೆ ತಿಂಗಳ ಬಾಡಿಗೆಯಿಲ್ಲ. ಚಂದನ ಬರುತ್ತದೆ, ಕೋಣೆಗೊಂದು ಬಾಕ್ಸ್ ಕೊಂಡರಾಯಿತು. ದುಡ್ಡಿನ ಡಿಟಿಎಚ್‌ನಲ್ಲಿ ಪ್ರತಿ ಬಾಕ್ಸೂ ಬೇರೆ ಸಂಪರ್ಕ. ಎರಡನೆಯ ಟಿವಿಯಿಂದ ಮುಂದಕ್ಕೆ ನೆಟ್‌ವರ್ಕ್ ಶುಲ್ಕ ಮೊದಲ ಟಿವಿಯದರ ಶೇ 40 ಮೀರಬಾರದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2020ರಲ್ಲಿ ಹೇಳಿತ್ತು. 2024ರ ಜುಲೈನಲ್ಲಿ ಈ ಶುಲ್ಕದ ಮಿತಿಯನ್ನೇ ತೆಗೆದುಹಾಕಿತು. ಆದ್ದರಿಂದ ಎರಡನೆಯ, ಮೂರನೆಯ ಬಾಕ್ಸಿಗೆ ಎಷ್ಟು, ಅಜ್ಜಿಯ ಕೋಣೆಗೆ ಕ್ರೀಡಾ ಚಾನೆಲ್ ಬಿಟ್ಟು ಕನ್ನಡದವಷ್ಟೇ ಸಾಕು ಎಂದರೆ ಎಷ್ಟು ಇಳಿಯುತ್ತದೆ ಎಂದು ಸಹಿ ಹಾಕುವ ಮುನ್ನವೇ ಕೇಳಿ, ಬರೆಸಿಕೊಳ್ಳಿ.