ಬೆನ್ನ ಹಿಂದಿನ ದಾರಿ

ನಡೆಯುವವನು ಮುಂದೆ ನೋಡಿ ನಡೆಯುತ್ತಾನೆ. ಗಾಡಿ ಹೊಡೆಯುವವನ ದೃಷ್ಟಿಯೂ ಮುಂದಿನ ದಾರಿಯ ಮೇಲೆಯೇ ನೆಟ್ಟಿರುತ್ತದೆ. ಆದರೆ ಪಂದ್ಯದ ದೋಣಿಯಲ್ಲಿ ಕುಳಿತು ಹುಟ್ಟನ್ನು ಎದೆಯವರೆಗೆ ಸೆಳೆಯುವವನ ಸ್ಥಿತಿ ಇದಕ್ಕೆ ತದ್ವಿರುದ್ಧವಾದುದು. ಅವನು ಸಾಗುವ ದಿಕ್ಕಿಗೆ ಬೆನ್ನು ಮಾಡಿ ಕುಳಿತಿರುತ್ತಾನೆ. ಬಿಟ್ಟು ಬಂದ ದಾರಿ ಅವನಿಗೆ ಚೆನ್ನಾಗಿ ಕಾಣುತ್ತದೆ. ಹೋಗಬೇಕಾದ ದಾರಿ ಕಾಣುವುದಿಲ್ಲ. ಇಂತಹವರು ಸಾವಿರಾರು ಮಂದಿ, ಹಡಗುಗಳೂ ಸರಕುದೋಣಿಗಳೂ ಓಡಾಡುವ ನದಿಯಲ್ಲಿ ದಿನವೂ ಕ್ಷೇಮವಾಗಿ ಹೋಗಿಬರುತ್ತಾರೆಂದರೆ ಅದಕ್ಕೆ ತೋಳಿನ ಬಲವೊಂದೇ ಕಾರಣವಲ್ಲ. ಎಲ್ಲರೂ ಒಪ್ಪಿ ನಡೆಯುವ ನಿಯಮಗಳೇ ಮುಖ್ಯ ಕಾರಣ. ಇದಕ್ಕೆ ಇಂಗ್ಲೆಂಡಿನ ಥೇಮ್ಸ್ ನದಿ ಉತ್ತಮ ನಿದರ್ಶನ.

ಲಂಡನ್ ನಗರದ ನಡುವೆ ಹರಿಯುವ ಥೇಮ್ಸ್, ಟೆಡಿಂಗ್ಟನ್ ಎಂಬ ಸ್ಥಳದಿಂದ ಕೆಳಕ್ಕೆ ಸಮುದ್ರದ ಆಳ್ವಿಕೆಗೆ ಒಳಪಟ್ಟಿದೆ. ನಮ್ಮ ಕಾಳಿ, ಶರಾವತಿ, ನೇತ್ರಾವತಿಗಳ ಅಳಿವೆಯಲ್ಲಿ ಆಗುವಂತೆ ಅಲ್ಲಿಯೂ ಉಬ್ಬರದ ಕಾಲದಲ್ಲಿ ನೀರು ಮೇಲಕ್ಕೇರಿ ಹಿಂದಕ್ಕೆ ಹರಿಯುತ್ತದೆ. ಇಳಿತದ ಕಾಲದಲ್ಲಿ ಮತ್ತೆ ಸಮುದ್ರದ ಕಡೆಗೆ ಧಾವಿಸುತ್ತದೆ. ಆದರೆ ಅಲ್ಲಿನ ಏರಿಳಿತದ ಪ್ರಮಾಣ ಬಹು ದೊಡ್ಡದು. ಲಂಡನ್ ಸೇತುವೆಯ ಬಳಿ ದೊಡ್ಡ ಉಬ್ಬರದ ದಿನಗಳಲ್ಲಿ ನೀರಿನ ಮಟ್ಟ ಸುಮಾರು 7 ಮೀಟರುಗಳಷ್ಟು ಏರಿ ಇಳಿಯುತ್ತದೆ. ದಿನಕ್ಕೆ ಎರಡು ಬಾರಿ ಹೀಗಾಗುತ್ತದೆ. ಪ್ರವಾಹದ ವೇಗ ಕೆಲವೊಮ್ಮೆ ಗಂಟೆಗೆ ಏಳು ಕಿಲೋಮೀಟರುಗಳನ್ನೂ ಮೀರುವುದುಂಟು. ಬೆಳಿಗ್ಗೆ ಸುಲಭವಾಗಿ ನುಸುಳಿಹೋದ ಸೇತುವೆಯ ಕಮಾನಿನ ಕೆಳಗೆ ಮಧ್ಯಾಹ್ನ ಬೇರೊಂದು ನದಿಯೇ ಹರಿಯುತ್ತಿರುವಂತೆ ತೋರುತ್ತದೆ.

ಇಂತಹ ನದಿಯಲ್ಲಿ ಅನನುಭವಿಗಳು ಹುಟ್ಟು ಹಿಡಿದರೆ ಏನಾಗುವುದೆಂಬುದನ್ನು ಲಂಡನ್ನಿನ ಜನ ಬಹಳ ಹಿಂದೆಯೇ ಕಂಡುಕೊಂಡಿದ್ದರು. ಸೇತುವೆಗಳು ವಿರಳವಾಗಿದ್ದ ಆ ಕಾಲದಲ್ಲಿ ದೋಣಿಯೇ ಅವರ ವಾಹನವಾಗಿತ್ತು. 1555ರಲ್ಲಿ ಪಾರ್ಲಿಮೆಂಟಿನ ಶಾಸನವೊಂದರ ಮೂಲಕ ಅಂಬಿಗರ ಸಂಘ ಸ್ಥಾಪಿತವಾಯಿತು; ಪಳಗಿದವರಲ್ಲದೆ ಅನ್ಯರು ಜನರನ್ನು ಸಾಗಿಸಬಾರದೆಂಬುದು ಅದರ ಉದ್ದೇಶ. 1909ರಿಂದ ಈ ನದಿಯ ಸಂಚಾರದ ಹೊಣೆ ಲಂಡನ್ ಬಂದರು ಪ್ರಾಧಿಕಾರದ್ದಾಗಿದೆ. ಹುಟ್ಟುದೋಣಿಗಳಿಗಾಗಿಯೇ ಪ್ರತ್ಯೇಕವಾದ ನಿಯಮಾವಳಿಯೊಂದನ್ನು ಅದು ರೂಪಿಸಿದೆ.

ನಿಯಮಗಳಲ್ಲಿ ಮೊದಲನೆಯದು ಪಕ್ಕವನ್ನು ಕುರಿತದ್ದು. ಇಂಗ್ಲೆಂಡಿನ ರಸ್ತೆಗಳಲ್ಲಿ ನಮ್ಮಲ್ಲಿರುವಂತೆಯೇ ಎಡಗಡೆಯಿಂದ ಸಾಗಬೇಕು. ಆದರೆ ನೀರಿನ ಮೇಲೆ ಹಾಗಲ್ಲ. ಲೋಕದ ಎಲ್ಲ ಹಡಗುಗಳಿಗೂ ಅನ್ವಯಿಸುವ 1972ರ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ, ಕಿರಿದಾದ ಜಲಮಾರ್ಗದಲ್ಲಿ ಪ್ರತಿಯೊಂದು ನಾವೆಯೂ ತನ್ನ ಬಲಗಡೆಗೆ ಸಾಗತಕ್ಕದ್ದು. ಎದುರುಬದುರಾಗಿ ಬರುವ ಎರಡು ದೋಣಿಗಳು ಹೀಗೆ ಒಂದರ ಎಡಮಗ್ಗುಲು ಇನ್ನೊಂದರ ಎಡಮಗ್ಗುಲಿಗೆ ಬರುವಂತೆ ಹಾದುಹೋಗುತ್ತವೆ. ಮುಂದಿನದನ್ನು ಕಾಣದವನಿಗೂ ಎದುರಿನವನು ಯಾವ ಕಡೆ ಇರುವನೆಂಬುದು ಇದರಿಂದ ಮೊದಲೇ ತಿಳಿದಿರುತ್ತದೆ.

ಆದರೆ ಪ್ರವಾಹಕ್ಕೆ ಎದುರಾಗಿ ಹುಟ್ಟು ಹಾಕುವುದು ಸುಲಭವಲ್ಲ. ನದಿಯ ನಡುವೆ ಆಳ ಹೆಚ್ಚು, ಸೆಳೆತವೂ ಹೆಚ್ಚು. ದಡದ ಬಳಿ ನೀರು ನಿಧಾನ. ಆದುದರಿಂದ ಪಟ್ನಿಯಿಂದ ಮೇಲಿನ ಭಾಗದಲ್ಲಿ ಇಳಿತದ ನೀರಿಗೆ ಎದುರಾಗಿ ಹೋಗುವ ಹುಟ್ಟುದೋಣಿಗಳು ದಡವನ್ನು ಅನುಸರಿಸಿ ಸಾಗುವುದಕ್ಕೆ ವಿಶೇಷ ಏರ್ಪಾಡು ಉಂಟು. ಒಂದು ದಡದಿಂದ ಮತ್ತೊಂದಕ್ಕೆ ಎಲ್ಲೆಂದರಲ್ಲಿ ದಾಟುವಂತಿಲ್ಲ. ಅದಕ್ಕೆಂದು ಗೊತ್ತುಪಡಿಸಿದ ಸ್ಥಳಗಳಲ್ಲಿ, ಎರಡೂ ಕಡೆ ನೋಡಿ, ದಾರಿ ತೆರವಾಗಿದ್ದರೆ ಮಾತ್ರ ದಾಟಬೇಕು. ನಿಯಮವು ನದಿಯ ಸ್ವಭಾವವನ್ನು ಅರಿತು ರಚಿತವಾಗಿದೆಯೇ ಹೊರತು ಅದನ್ನು ಕಡೆಗಣಿಸಿ ಅಲ್ಲ.

ಎರಡನೆಯ ನಿಯಮ ಕಣ್ಣನ್ನು ಕುರಿತದ್ದು. ಎಂಟು ಜನ ಹುಟ್ಟು ಹಾಕುವ ಪಂದ್ಯದ ದೋಣಿ ಸುಮಾರು 18 ಮೀಟರ್ ಉದ್ದವಿದ್ದರೂ ಅಗಲ ಎರಡು ಅಡಿಗಿಂತ ಹೆಚ್ಚಿರುವುದಿಲ್ಲ. ಅದರಲ್ಲಿ ಮುಂದೆ ನೋಡುವವನು ಒಬ್ಬನೇ, ಅವನೇ ಚುಕ್ಕಾಣಿಗ. ಅವನ ಕೈಯಲ್ಲಿ ಹುಟ್ಟಿಲ್ಲ, ಆದರೆ ಎಂಟು ಜನರ ಪ್ರಾಣವಿದೆ. ‘ನಿಲ್ಲಿಸಿ’ ಎಂದು ಅವನು ಕೂಗಿದೊಡನೆ ಎಂಟು ಹುಟ್ಟುಗಳೂ ನಿಲ್ಲಲೇಬೇಕು. ಕಾರಣ ಕೇಳುವುದು ಆಮೇಲೆ. ಒಬ್ಬನೇ ನಡೆಸುವ ದೋಣಿಯಲ್ಲಾದರೆ ಅವನೇ ಕೆಲವು ಎಳೆತಗಳಿಗೊಮ್ಮೆ ಹೊರಳಿ ಹಿಂದಕ್ಕೆ ನೋಡಬೇಕಾಗುತ್ತದೆ.

ಪ್ರವಾಹವನ್ನು ಮರೆಯಬಾರದೆಂಬುದು ಮೂರನೆಯದು. ದಡವನ್ನು ಬಿಡುವಾಗಲೂ ಸೇರುವಾಗಲೂ ದೋಣಿಯ ಮೂತಿ ಪ್ರವಾಹಕ್ಕೆ ಎದುರಾಗಿರಬೇಕು; ಆಗ ಅದು ಹಿಡಿತದಲ್ಲಿರುತ್ತದೆ. ನೀರು ಯಾವ ಕಡೆಗೆ ಸೆಳೆಯುತ್ತಿದೆಯೋ ಆ ಕಡೆ ಸೇತುವೆಯ ಕಂಬವಾಗಲಿ, ಲಂಗರು ಹಾಕಿದ ಸರಕುದೋಣಿಯಾಗಲಿ ಸಮೀಪದಲ್ಲಿದ್ದರೆ ದೋಣಿಯನ್ನು ತಿರುಗಿಸಕೂಡದು. ಅಡ್ಡಲಾಗಿ ನಿಂತ ತೆಳುವಾದ ದೋಣಿಯನ್ನು ಪ್ರವಾಹ ಕಂಬಕ್ಕೆ ಒತ್ತಿ ಮುರಿದುಬಿಡಬಲ್ಲದು.

ಸೇತುವೆಗಳಿಗೂ ಒಂದು ಭಾಷೆಯಿದೆ. ಕಮಾನಿನ ಮೇಲೆ ತಲೆಕೆಳಗಾದ ತ್ರಿಕೋನದಂತೆ ಮೂರು ಕೆಂಪು ಬಿಲ್ಲೆಗಳನ್ನು, ರಾತ್ರಿಯಾದರೆ ಮೂರು ಕೆಂಪು ದೀಪಗಳನ್ನು ತೂಗಹಾಕಿದ್ದರೆ ಆ ದಾರಿ ಮುಚ್ಚಿದೆಯೆಂದು ಅರ್ಥ. ದುರಸ್ತಿಯ ಕಾರಣ ಕಮಾನಿನ ಕೆಳಗಿನ ಎತ್ತರ ಕಡಿಮೆಯಾಗಿದ್ದರೆ ಹಗಲಿನಲ್ಲಿ ಹುಲ್ಲಿನ ಕಂತೆಯೊಂದನ್ನು ತೂಗಹಾಕುತ್ತಾರೆ. ಈ ಹಳೆಯ ಪದ್ಧತಿ ಇನ್ನೂ ಜೀವಂತವಾಗಿದೆ. 2023ರಲ್ಲಿ ಲಂಡನ್ನಿನ ಮಿಲೇನಿಯಂ ಸೇತುವೆಯ ದುರಸ್ತಿಯ ಕಾಲದಲ್ಲಿ ಅಂತಹ ಕಂತೆಯೊಂದು ತೂಗಾಡುತ್ತಿದ್ದುದನ್ನು ಜನ ಬೆರಗಿನಿಂದ ನೋಡಿದರು. ಹಡಗುಗಳು ಸಿಳ್ಳಿನ ಮೂಲಕ ಮಾತನಾಡುತ್ತವೆ. ಒಂದು ಚಿಕ್ಕ ಸಿಳ್ಳು ‘ಬಲಕ್ಕೆ ತಿರುಗುತ್ತಿದ್ದೇನೆ’ ಎನ್ನುತ್ತದೆ. ಎರಡು ಸಿಳ್ಳು ‘ಎಡಕ್ಕೆ’ ಎನ್ನುತ್ತದೆ. ಐದು ಅಥವಾ ಅದಕ್ಕಿಂತ ಹೆಚ್ಚು ಚಿಕ್ಕ ಸಿಳ್ಳುಗಳು ಬೇಗಬೇಗನೆ ಕೇಳಿಬಂದರೆ ‘ನಿನ್ನ ಇಂಗಿತ ನನಗೆ ತಿಳಿಯುತ್ತಿಲ್ಲ’ ಎಂಬ ಎಚ್ಚರಿಕೆ. ದೊಡ್ಡ ಹಡಗು ಥಟ್ಟನೆ ನಿಲ್ಲಲಾರದು, ಆಳವಾದ ನೀರನ್ನು ಬಿಟ್ಟು ಬರಲೂ ಆರದು. ಆದುದರಿಂದ ಅದರ ದಾರಿಗೆ ಅಡ್ಡ ಬಾರದಿರುವುದು ಚಿಕ್ಕ ದೋಣಿಯ ಕರ್ತವ್ಯ.

ಇಷ್ಟೆಲ್ಲ ಎಚ್ಚರವಿದ್ದರೂ ದೋಣಿ ಮುಳುಗುವುದುಂಟು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾನಿಲಯಗಳ ಪ್ರಸಿದ್ಧ ದೋಣಿಪಂದ್ಯ ಪಟ್ನಿಯಿಂದ ಮಾರ್ಟ್‌ಲೇಕಿನವರೆಗೆ ಈ ನದಿಯಲ್ಲಿಯೇ ನಡೆಯುತ್ತದೆ. 1951ರಲ್ಲಿ ಆಕ್ಸ್‌ಫರ್ಡಿನ ದೋಣಿಯೂ 1978ರಲ್ಲಿ ಕೇಂಬ್ರಿಜಿನ ದೋಣಿಯೂ ಅಲೆಗಳಿಗೆ ಸಿಕ್ಕಿ ಮುಳುಗಿದವು. ನುರಿತವರ ಪಾಡೇ ಹೀಗಾದರೆ ಉಳಿದವರ ಮಾತೇನು? ಅಂತಹ ಸಮಯದಲ್ಲಿ ದಡ ಎಷ್ಟೇ ಹತ್ತಿರ ಕಂಡರೂ ಈಜಿ ಹೋಗಲು ಯತ್ನಿಸದೆ ದೋಣಿಯನ್ನು ಹಿಡಿದುಕೊಂಡಿರಬೇಕೆಂದು ಅಲ್ಲಿ ಕಲಿಸುತ್ತಾರೆ. ತಣ್ಣೀರು ಕೈಕಾಲುಗಳ ಶಕ್ತಿಯನ್ನು ಬಹುಬೇಗ ಹೀರಿಬಿಡುತ್ತದೆ. ಮುಳುಗಿದ ದೋಣಿ ನೀರಿನ ಮೇಲೆ ತೇಲುತ್ತಿದ್ದು ಹುಡುಕಿ ಬರುವವರ ಕಣ್ಣಿಗೂ ಬೀಳುತ್ತದೆ.

ನೋಡುವ ಕರ್ತವ್ಯವನ್ನು ಮರೆತರೆ ತೆರಬೇಕಾದ ಬೆಲೆಯನ್ನು ಇದೇ ನದಿ ಒಮ್ಮೆ ಕ್ರೂರವಾಗಿ ತೋರಿಸಿಕೊಟ್ಟಿತು. 1989ರ ಆಗಸ್ಟ್ 20ರ ನಡುರಾತ್ರಿ ಕಳೆದ ಮೇಲೆ ‘ಮಾರ್ಷನೆಸ್’ ಎಂಬ ವಿಹಾರನೌಕೆ, ಹುಟ್ಟುಹಬ್ಬದ ಸಂತೋಷಕ್ಕೆ ಸೇರಿದ್ದ ಯುವಜನರನ್ನು ಹೊತ್ತು ನದಿಯಲ್ಲಿ ಕೆಳಕ್ಕೆ ಸಾಗುತ್ತಿತ್ತು. ಹಿಂದಿನಿಂದ ಅದೇ ದಿಕ್ಕಿನಲ್ಲಿ ಬಂದ ‘ಬೋಬೆಲ್’ ಎಂಬ ಮರಳೆತ್ತುವ ಹಡಗು ಅದಕ್ಕೆ ಡಿಕ್ಕಿ ಹೊಡೆಯಿತು. ಕ್ಷಣಾರ್ಧದಲ್ಲಿ ವಿಹಾರನೌಕೆ ಮುಳುಗಿತು. 51 ಜನ ಪ್ರಾಣ ಕಳೆದುಕೊಂಡರು. ಎರಡೂ ನಾವೆಗಳಲ್ಲಿ ಸುತ್ತಲೂ ದೃಷ್ಟಿಯಿಡುವ ಕಾರ್ಯ ಸರಿಯಾಗಿ ನಡೆದಿರಲಿಲ್ಲವೆಂದು ವಿಚಾರಣೆಯಲ್ಲಿ ಸ್ಪಷ್ಟವಾಯಿತು. ಅವುಗಳನ್ನು ನಡೆಸುತ್ತಿದ್ದವರು ಹುಟ್ಟು ಹಾಕುವವರಂತೆ ಬೆನ್ನು ಮಾಡಿ ಕುಳಿತವರಲ್ಲ, ಮುಂದಕ್ಕೆ ಮುಖ ಮಾಡಿ ನಿಂತವರು ಎಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ಈ ದುರಂತದ ಫಲವಾಗಿ 2002ರಲ್ಲಿ ಥೇಮ್ಸ್ ನದಿಯ ನಾಲ್ಕು ಕಡೆ ಜೀವರಕ್ಷಕ ದೋಣಿಗಳ ಠಾಣೆಗಳು ಆರಂಭವಾದವು.

ಕಣ್ಣು ಮುಂದಕ್ಕಿದ್ದ ಮಾತ್ರಕ್ಕೆ ಎಲ್ಲವೂ ಕಂಡಂತಾಗುವುದಿಲ್ಲ. ಬೆನ್ನು ಮುಂದಕ್ಕಿದ್ದ ಮಾತ್ರಕ್ಕೆ ಕುರುಡನಾಗಬೇಕಾಗಿಯೂ ಇಲ್ಲ. ಬೆಳಗಿನ ಮಬ್ಬಿನಲ್ಲಿ ಪಟ್ನಿಯ ದಡದಿಂದ ದೋಣಿಯನ್ನು ನೀರಿಗೆ ಇಳಿಸುವ ತರುಣನು, ತನಗೆ ಕಾಣದ ದಾರಿಯಲ್ಲಿ ಎದುರಿಗೆ ಬರುವ ಅಪರಿಚಿತನು ತನ್ನ ಪಕ್ಕವನ್ನು ಬಿಟ್ಟು ಬರಲಾರನೆಂದು ನಂಬಿ ಮೊದಲ ಹುಟ್ಟನ್ನು ಎಳೆಯುತ್ತಾನೆ. ಆ ಅಪರಿಚಿತನೂ ಅವನನ್ನು ಹಾಗೆಯೇ ನಂಬಿರುತ್ತಾನೆ. ನಿಯಮವೆಂದರೆ ಈ ನಂಬಿಕೆಯೇ.